4ಕೆ ಟಿವಿಯಲ್ಲಿ ಹಳೆಯ ಚಿತ್ರ ಮಸುಕಾಗಿ ಕಾಣುತ್ತಿದೆಯೇ? ಅಪ್‌ಸ್ಕೇಲಿಂಗ್ ಸರಿಪಡಿಸಿಕೊಳ್ಳುವ ಬಗೆ

ದೊಡ್ಡ 4ಕೆ ಟಿವಿ ತಂದ ಮೇಲೆ ಕೇಬಲ್ ವಾಹಿನಿಗಳು ಹಳೆಯ ಟಿವಿಯಲ್ಲಿದ್ದಷ್ಟೂ ಚೆನ್ನಾಗಿ ಕಾಣುತ್ತಿಲ್ಲ ಎಂಬ ದೂರು ಅನೇಕ ಮನೆಗಳಲ್ಲಿದೆ. ನಮ್ಮ ದೇಶದ ಎಸ್‌ಡಿ (ಎಚ್‌ಡಿ ಅಲ್ಲದ ಸಾಮಾನ್ಯ) ವಾಹಿನಿ ಮತ್ತು ಡಿವಿಡಿಗಳ ಒಂದು ಫ್ರೇಮಿನಲ್ಲಿ ಹೆಚ್ಚೆಂದರೆ 720×576, ಅಂದರೆ 4,14,720 ಪಿಕ್ಸೆಲ್‌ಗಳಿರುತ್ತವೆ (ಚಿತ್ರವನ್ನು ಕಟ್ಟುವ ಬಣ್ಣದ ಚುಕ್ಕಿಗಳು). 4ಕೆ ಪರದೆಯಲ್ಲಿರುವುದು 3840×2160, ಅಂದರೆ 82,94,400. ಪರದೆ ತುಂಬಬೇಕಾದರೆ ಪ್ರತಿ 20 ಪಿಕ್ಸೆಲ್‌ಗಳಲ್ಲಿ 19ನ್ನು ಯಂತ್ರವೇ ಅಕ್ಕಪಕ್ಕದ ಬಣ್ಣಗಳನ್ನು ನೋಡಿ ಊಹಿಸಿಕೊಳ್ಳಬೇಕಾಗುತ್ತದೆ. ಈ ಊಹೆಯ ಕೆಲಸವೇ ಅಪ್‌ಸ್ಕೇಲಿಂಗ್. ಮೂಲದಲ್ಲಿ ದಾಖಲಾಗದ ವಿವರವನ್ನು ಅದು ಮರಳಿ ತರಲಾರದು; ಆದರೆ ಊಹೆ ಹದವಾಗಿದ್ದರೆ ಚಿತ್ರ ಕಣ್ಣಿಗೆ ಹಿತವಾಗಿರುತ್ತದೆ.

ಮೊದಲು ಈ ಕೆಲಸವನ್ನು ಮಾಡುತ್ತಿರುವುದು ಸೆಟ್‌ಟಾಪ್ ಬಾಕ್ಸೋ ಟಿವಿಯೋ ಎಂಬುದನ್ನು ತಿಳಿದುಕೊಳ್ಳಿ. ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಔಟ್‌ಪುಟ್ 1080ಐ ಎಂದಿದ್ದರೆ 576 ಸಾಲುಗಳ ಚಿತ್ರ ಬಾಕ್ಸಿನಲ್ಲಿ ಒಮ್ಮೆ 1080ಕ್ಕೆ ಹಿಗ್ಗಿ, ಟಿವಿಯಲ್ಲಿ ಮತ್ತೊಮ್ಮೆ 2160ಕ್ಕೆ ಹಿಗ್ಗುತ್ತದೆ. ಅಗ್ಗದ ಬಾಕ್ಸಿನ ಚಿಪ್ ಮಾಡಿದ ತಪ್ಪು ಊಹೆಯನ್ನು ಟಿವಿ ನಿಜವೆಂದೇ ನಂಬಿ ಇನ್ನಷ್ಟು ದೊಡ್ಡದು ಮಾಡುತ್ತದೆ. ಆದ್ದರಿಂದ ಎಸ್‌ಡಿ ವಾಹಿನಿ ನೋಡುವಾಗ ಔಟ್‌ಪುಟ್ಟನ್ನು 576ಕ್ಕೆ ಇಳಿಸಿ, ಎರಡನ್ನೂ ಹೋಲಿಸಿ ನೋಡಿ. ಎಚ್‌ಡಿ ವಾಹಿನಿಗಳನ್ನೇ ಹೆಚ್ಚು ನೋಡುವವರು 1080ರಲ್ಲೇ ಬಿಡುವುದು ಲೇಸು. ಪ್ರತಿ ಸಲ ಬದಲಾಯಿಸುವ ತಾಳ್ಮೆ ಯಾರಿಗಿದೆ?

ಪರೀಕ್ಷೆಗೆ ವಿಶೇಷ ಉಪಕರಣ ಬೇಕಿಲ್ಲ, ಯಾವುದಾದರೂ ಕನ್ನಡ ಸುದ್ದಿವಾಹಿನಿಯ ಕೆಳಗೆ ಓಡುವ ಅಕ್ಷರಸಾಲು ಸಾಕು. ಪರದೆಯ ಹತ್ತಿರ ಹೋಗಿ ‘ರಾಷ್ಟ್ರೀಯ’, ‘ಲಕ್ಷ್ಮಿ’ಯಂತಹ ಪದಗಳ ಒತ್ತಕ್ಷರಗಳನ್ನು ಗಮನಿಸಿ. ಅಪ್‌ಸ್ಕೇಲಿಂಗ್ ಮೃದುವಾಗಿದ್ದರೆ ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ; ಅತಿ ಚೂಪಾಗಿದ್ದರೆ ಅಕ್ಷರದ ಸುತ್ತ ತೆಳುವಾದ ಬಿಳಿಯ ಅಥವಾ ಕಪ್ಪು ಅಂಚು ಕಟ್ಟುತ್ತದೆ. ಈ ಅಂಚು ಕಂಡರೆ ಶಾರ್ಪ್‌ನೆಸ್ ಹೆಚ್ಚಾಗಿದೆ ಎಂದೇ ಅರ್ಥ.

ಶಾರ್ಪ್‌ನೆಸ್‌ನದೇ ದೊಡ್ಡ ರಗಳೆ. ಅಂಗಡಿಯ ಝಗಮಗಿಸುವ ಬೆಳಕಿನಲ್ಲಿ ಗಮನ ಸೆಳೆಯಲೆಂದು ಅನೇಕ ಟಿವಿಗಳ ವಿವಿಡ್ ಮೋಡ್‌ನಲ್ಲಿ ಇದನ್ನು ವಿಪರೀತ ಏರಿಸಿರುತ್ತಾರೆ. ಪಿಕ್ಚರ್ ಮೋಡನ್ನು ಸಿನಿಮಾಕ್ಕೆ ಬದಲಾಯಿಸಿ, ಅಕ್ಷರದ ಅಂಚು ಮಾಯವಾಗುವವರೆಗೆ ಶಾರ್ಪ್‌ನೆಸ್ ಇಳಿಸುತ್ತ ಬನ್ನಿ. ಕೆಲವು ಟಿವಿಗಳಲ್ಲಿ ಸರಿಯಾದ ಬಿಂದು ಸೊನ್ನೆಯ ಹತ್ತಿರವಿದ್ದರೆ ಇನ್ನು ಕೆಲವದರಲ್ಲಿ ನಡುವೆ ಇರುತ್ತದೆ, ಹಾಗಾಗಿ ಅಂಕಿಯನ್ನಲ್ಲ, ಅಕ್ಷರವನ್ನು ನೋಡಿ. ಮೊದಲ ದಿನ ಚಿತ್ರ ಸಪ್ಪೆ ಎನಿಸಬಹುದು. ಕಣ್ಣು ಬೇಗನೆ ಹೊಂದಿಕೊಳ್ಳುತ್ತದೆ.

ಆಮೇಲೆ ನಾಯ್ಸ್ ರಿಡಕ್ಷನ್, ಅಂದರೆ ಚಿತ್ರದ ಕಲೆ-ಕಣಗಳನ್ನು ಅಳಿಸುವ ಸೆಟ್ಟಿಂಗ್. ಡಿವಿಡಿಯ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಸಂಕುಚಿತಗೊಳಿಸಿರುತ್ತಾರೆ. 4ಕೆ ಪರದೆಯಲ್ಲಿ ಅಂಥ ಒಂದು ಚೌಕದ ಎತ್ತರ 30 ಸಾಲುಗಳಷ್ಟಾಗುವುದರಿಂದ, ಮೊದಲು ಕಣ್ಣಿಗೆ ಬೀಳದಿದ್ದ ಚೌಕಗಳು ಆಕಾಶ, ಗೋಡೆ, ನೆರಳುಗಳಲ್ಲಿ ಎದ್ದು ಕಾಣುತ್ತವೆ. ನಾಯ್ಸ್ ರಿಡಕ್ಷನ್ ‘ಲೋ’ ಇಟ್ಟರೆ ಅವು ತಕ್ಕಮಟ್ಟಿಗೆ ಅಡಗುತ್ತವೆ. ‘ಹೈ’ ಇಟ್ಟರೆ ಮುಖದ ಸುಕ್ಕು, ಸೀರೆಯ ನೇಯ್ಗೆಯೂ ಅಳಿಸಿ ಪಾತ್ರಧಾರಿಗಳು ಮೇಣದ ಬೊಂಬೆಗಳಂತಾಗುತ್ತಾರೆ. ಎಐ ಅಪ್‌ಸ್ಕೇಲಿಂಗ್ ಅತಿಯಾದಾಗಲೂ ಇದೇ ಕಾಟ.

4:3 ಅಗಲ-ಎತ್ತರದ ಹಳೆಯ ಕಾರ್ಯಕ್ರಮಗಳನ್ನು ಈಗಿನ ಪರದೆಯ 16:9ಕ್ಕೆ ಎಳೆಯಬೇಡಿ. ಎಳೆದರೆ ಪ್ರತಿ ಮುಖವೂ ಮೂರರಲ್ಲೊಂದು ಪಾಲು ಹೆಚ್ಚು ಅಗಲವಾಗುತ್ತದೆ. ಎರಡೂ ಬದಿಯ ಕಪ್ಪು ಪಟ್ಟಿಗಳು ಹಾಗೆಯೇ ಇರಲಿ.

ಯೂಟ್ಯೂಬಿನಲ್ಲಿ ‘4ಕೆ’ ಹಣೆಪಟ್ಟಿ ಹೊತ್ತ ಹಳೆಯ ಕನ್ನಡ ಚಿತ್ರಗಳ ವಿಷಯದಲ್ಲಿ ತುಸು ಎಚ್ಚರ ಬೇಕು. 35 ಎಂಎಂ ನೆಗೆಟಿವನ್ನು ಹೊಸದಾಗಿ ಸ್ಕ್ಯಾನ್ ಮಾಡಿದ್ದರೆ ಆ ವಿವರ ನಿಜವಾದದ್ದೇ. ಫಿಲ್ಮಿನ ಸಣ್ಣ ಕಣಗಳೂ ಕಾಣಬಹುದು. ಡಿವಿಡಿ ಅಥವಾ ಟೇಪಿನಿಂದ ಹಿಗ್ಗಿಸಿದ್ದಾದರೆ ದೂರದ ಮುಖಗಳು ನುಣ್ಣಗೆ, ಮರದೆಲೆಗಳು ಹಸಿರು ಕಲೆಯಂತೆ ಕಾಣುತ್ತವೆ. ಹಾಗಿದ್ದರೂ 480ಪಿ ಬದಲು ಅದನ್ನೇ ಆರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ, ಏಕೆಂದರೆ ಹೆಚ್ಚಿನ ರೆಸಲ್ಯೂಷನ್ನಿಗೆ ಯೂಟ್ಯೂಬ್ ಹೆಚ್ಚು ಬಿಟ್‌ರೇಟ್ (ಪ್ರತಿ ಸೆಕೆಂಡಿಗೆ ಕಳಿಸುವ ದತ್ತಾಂಶ) ಕೊಡುತ್ತದೆ, ಚೌಕಗಳು ಕಡಿಮೆಯಾಗುತ್ತವೆ.

ಕೂರುವ ದೂರವೂ ಲೆಕ್ಕಕ್ಕೆ ಬರುತ್ತದೆ. 55 ಇಂಚಿನ ಪರದೆಯಿಂದ ಸುಮಾರು 7 ಅಡಿಗಿಂತ ಹಿಂದೆ ಕುಳಿತರೆ ಸಾಮಾನ್ಯ ದೃಷ್ಟಿಯವರು ಫುಲ್ ಎಚ್‌ಡಿಯ ಪಿಕ್ಸೆಲ್‌ಗಳನ್ನೂ ಬೇರೆಬೇರೆಯಾಗಿ ಗುರುತಿಸಲಾರರು. ಎಸ್‌ಡಿ ಚಿತ್ರಕ್ಕೆ ಕುರ್ಚಿಯನ್ನು ಇನ್ನಷ್ಟು ಹಿಂದೆ ಸರಿಸುವುದು ಯಾವ ಮೆನುವಿಗಿಂತಲೂ ಸುಲಭ.

ಮನೆಯ ಮದುವೆ ಡಿವಿಡಿಗಳನ್ನು ಕಂಪ್ಯೂಟರಿನಲ್ಲಿ ಅಪ್‌ಸ್ಕೇಲ್ ಮಾಡಿಸುವವರು ಮೊದಲು ಡಿಸ್ಕಿನಲ್ಲಿರುವ ಮೂಲ ಫೈಲುಗಳನ್ನು ಇದ್ದಂತೆಯೇ ನಕಲು ಮಾಡಿ ಎತ್ತಿಡಬೇಕು. ಹಿಗ್ಗಿಸಿದ ಪ್ರತಿಯಿಂದ ಮೂಲವನ್ನು ಮರಳಿ ಪಡೆಯಲಾಗದು. ಮೂಲವಿದ್ದರೆ ಮುಂದೆ ಬರುವ ಉತ್ತಮ ಸಾಫ್ಟ್‌ವೇರಿನಲ್ಲಿ ಮತ್ತೊಮ್ಮೆ ಹಿಗ್ಗಿಸಬಹುದು.