ಗಿಟಾರ್ ಪೆಡಲ್ ಕಟ್ಟುವ ಮುಂಚೆ: ಬಿಡಿಭಾಗ ಆರಿಸೋದು, ತರಿಸೋದು ಹೇಗೆ?

ಗಿಟಾರ್ ಸದ್ದು ಬದಲಿಸುವ ಪೆಡಲ್‌ನ ಸರ್ಕ್ಯೂಟ್ ನಕ್ಷೆ ಸಿಕ್ಕಿದೆ, ಸೋಲ್ಡರಿಂಗ್ ಅಲ್ಪಸ್ವಲ್ಪ ಕೈಗೆ ಬಂದಿದೆ, ಇನ್ನೇನು ಕಟ್ಟೋದೊಂದೇ ಬಾಕಿ ಅನ್ನುವಾಗ ಅಡ್ಡ ನಿಲ್ಲೋದು ಬಿಡಿಭಾಗಗಳ ಪಟ್ಟಿ. 4ಕೆ7, 47ಎನ್, ಎ100ಕೆ, 2ಎನ್5088 ಅಂತೆಲ್ಲ ಬರೆದಿರುತ್ತದೆ (4.7 ಕಿಲೋಓಮ್ ರೆಸಿಸ್ಟರ್, 47 ನ್ಯಾನೋಫ್ಯಾರಡ್ ಕೆಪಾಸಿಟರ್, 100 ಕಿಲೋಓಮ್ ಪೊಟೆನ್ಶಿಯೋಮೀಟರ್ ಅಂದರೆ ಪಾಟ್, ಕೊನೆಯದು ಟ್ರಾನ್ಸಿಸ್ಟರ್). ಆನ್‌ಲೈನ್ ಅಂಗಡಿಯಲ್ಲಿ 47ಎನ್ ಕೆಪಾಸಿಟರ್ ಅಂತ ಹುಡುಕಿದರೆ ನೂರಾರು ಬಗೆ ಎದುರಿಗೆ ಬರುತ್ತವೆ. ತಲೆ ಗಿರ್ರ್ ಅನ್ನುತ್ತೆ ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೆಡಲ್‌ನ ಸದ್ದು ಹೇಗಿರುತ್ತದೆ ಅನ್ನೋದನ್ನು ಬಹುಮಟ್ಟಿಗೆ ತೀರ್ಮಾನಿಸೋದು ಸರ್ಕ್ಯೂಟ್ ಮತ್ತು ಅದರಲ್ಲಿರುವ ವ್ಯಾಲ್ಯೂಗಳು, ಅಂದರೆ ಎಷ್ಟು ಓಮ್, ಎಷ್ಟು ಫ್ಯಾರಡ್ ಅನ್ನೋದು. ರೆಸಿಸ್ಟರ್ ಯಾವ ಕಂಪನಿಯದು ಅಂತ ಕಿವಿಗೆ ಗೊತ್ತಾಗಲ್ಲ. ಆದರೆ ಪೆಡಲ್ ಕೆಟ್ಟರೆ ಹೆಚ್ಚಾಗಿ ಕೆಡೋದು ಕೈಕಾಲು ತಾಗುವ ಕಡೆ: ತುಳಿಯುವ ಸ್ವಿಚ್, ಕೇಬಲ್ ಚುಚ್ಚುವ ಜ್ಯಾಕ್, ತಿರುಗಿಸುವ ಪಾಟ್. ದುಡ್ಡು ಸುರಿಯೋದಿದ್ದರೆ ಅಲ್ಲಿ ಸುರಿಯಿರಿ.

ಇದೇ ಮೊದಲ ಪೆಡಲ್ ಆದರೆ ಚಿಕ್ಕ ಸರ್ಕ್ಯೂಟ್ ಆರಿಸಿಕೊಳ್ಳಿ. ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯ ಎಲ್‌ಪಿಬಿ-1 ಅನ್ನುವ ಹಳೆಯ ಬೂಸ್ಟರ್ (ಸಿಗ್ನಲ್ ಜೋರು ಮಾಡುವ ಪೆಡಲ್) ಇದೆ. ಒಂದು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಎರಡು ಕೆಪಾಸಿಟರ್, ಒಂದು ಪಾಟ್, ಇಷ್ಟೇ. ಪಟ್ಟಿ ಓದೋದು, ಹುಡುಕೋದು, ಆರ್ಡರ್ ಮಾಡೋದು ಎಲ್ಲ ಇದರಲ್ಲೇ ಕಲಿತುಬಿಡಬಹುದು. ಡಿಲೇ, ಕೋರಸ್ ಥರದ ದೊಡ್ಡ ಪೆಡಲ್‌ಗಳನ್ನು ಆಮೇಲೆ ನೋಡೋಣ.

ಬಾಕ್ಸ್‌ನಿಂದ ಶುರು ಮಾಡಿ

ಬಹಳ ಜನ ಬಾಕ್ಸನ್ನು ಕೊನೆಗೆ ಆರಿಸುತ್ತಾರೆ. ಅದು ಉಲ್ಟಾ. ಬಾಕ್ಸ್ ಅಳತೆ ಗೊತ್ತಾದರೆ ಯಾವ ಪಾಟ್, ಯಾವ ಜ್ಯಾಕ್, ಎಷ್ಟು ಎತ್ತರದ ಕೆಪಾಸಿಟರ್ ಅನ್ನೋದು ತಾನಾಗಿ ತೀರ್ಮಾನ ಆಗುತ್ತದೆ. ಹ್ಯಾಮಂಡ್ ಕಂಪನಿಯ ನಂಬರ್‌ಗಳೇ ಹೆಚ್ಚಾಗಿ ಅಳತೆಯ ಹೆಸರಾಗಿವೆ. 1590ಬಿ ಅಂದರೆ ಸುಮಾರು 112 ಮಿ.ಮೀ. ಉದ್ದ, 60 ಅಗಲ, 31 ಎತ್ತರ. 125ಬಿ (ಹ್ಯಾಮಂಡ್‌ನಲ್ಲಿ ಇದರ ನಂಬರ್ 1590ಎನ್1) ಇದಕ್ಕಿಂತ ತುಸು ದೊಡ್ಡದು, ಆಳವೂ ಜಾಸ್ತಿ. ಹೊಸಬರಿಗೆ 125ಬಿ ಒಳ್ಳೆಯದು, ಜ್ಯಾಕ್‌ಗಳನ್ನು ಮೇಲುಗಡೆಯ ಅಂಚಿಗೆ ಹಾಕಿದರೂ ಬೋರ್ಡಿಗೆ ಜಾಗ ಉಳಿಯುತ್ತದೆ. 1590ಎ ಅನ್ನುವ ಪುಟಾಣಿ ಬಾಕ್ಸ್ ನೋಡೋಕೆ ಮುದ್ದಾಗಿದೆ ಅಂತ ಅದಕ್ಕೇ ಕೈ ಹಾಕಬೇಡಿ, ವೈರ್ ತುರುಕೋದರಲ್ಲೇ ಸಾಕಾಗಿಹೋಗುತ್ತದೆ. ಅಲ್ಯೂಮಿನಿಯಂ ಬಾಕ್ಸೇ ಬೇಕು. ಗಟ್ಟಿ ಅನ್ನೋದಷ್ಟೇ ಅಲ್ಲ, ಅದನ್ನು ಗ್ರೌಂಡ್‌ಗೆ ಸೇರಿಸಿದರೆ ಹೊರಗಿನ ಹಮ್ (ಗುಂಯ್ ಅನ್ನುವ ಸದ್ದು) ಒಳಗೆ ಬರದಂತೆ ತಡೆಯುತ್ತದೆ. ಪ್ಲಾಸ್ಟಿಕ್ ಬಾಕ್ಸಿಗೆ ಆ ಗುಣ ಇಲ್ಲ.

ಸ್ವಿಚ್, ಜ್ಯಾಕ್, ಪಾಟ್

ತುಳಿಯೋಕೆ ಬೇಕಾದದ್ದು 3ಪಿಡಿಟಿ ಫುಟ್‌ಸ್ವಿಚ್, ಅಂದರೆ ಒಂದೇ ತುಳಿತಕ್ಕೆ ಮೂರು ಸ್ವಿಚ್ ಒಟ್ಟಿಗೆ ಬದಲಾಗುವಂಥದ್ದು. ಕೆಳಗೆ ಒಂಬತ್ತು ಕಾಲು ಇರುತ್ತವೆ, ಮೂರು ಮೂರರ ಮೂರು ಸಾಲು. ಎರಡು ಸಾಲು ಗಿಟಾರ್ ಸಿಗ್ನಲ್ಲಿನ ದಾರಿ ಬದಲಿಸೋಕೆ, ಮೂರನೆಯದು ಎಲ್‌ಇಡಿ ಹೊತ್ತಿಸೋಕೆ. ತೀರಾ ಅಗ್ಗದ ಸ್ವಿಚ್‌ನಲ್ಲಿ ತೊಂದರೆ ಶುರುವಾಗೋದು ಬೆಸುಗೆ ಹಾಕುವಾಗಲೇ. ಕಾಲಿನ ಮೇಲೆ ಐರನ್ ಸ್ವಲ್ಪ ಜಾಸ್ತಿ ಹೊತ್ತು ಇಟ್ಟರೆ ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಕಾಲು ಕೂದಲೆಳೆಯಷ್ಟು ವಾಲುತ್ತದೆ, ಒಳಗಿನ ಕಾಂಟ್ಯಾಕ್ಟ್ ಜಾಗ ತಪ್ಪುತ್ತದೆ. ಆಮೇಲೆ ಒಮ್ಮೆ ತುಳಿದರೆ ಸದ್ದು ಬರುತ್ತೆ, ಇನ್ನೊಮ್ಮೆ ಬರಲ್ಲ. ಹಾಗಾಗಿ ಪರವಾಗಿಲ್ಲ ಅನ್ನುವಂಥ ಸ್ವಿಚ್ ತಗೊಳ್ಳಿ, ಜೊತೆಗೆ ಒಂದು ಎಕ್ಸ್‌ಟ್ರಾ ಇರಲಿ.

ಜ್ಯಾಕ್ 6.35 ಮಿ.ಮೀ.ದು. ಔಟ್‌ಪುಟ್‌ಗೆ ಮೋನೊ. ಬ್ಯಾಟರಿ ಹಾಕುವ ಯೋಚನೆ ಇದ್ದರೆ ಇನ್‌ಪುಟ್‌ಗೆ ಸ್ಟೀರಿಯೊ ಜ್ಯಾಕ್ ಬೇಕು. ಬ್ಯಾಟರಿಯ ಮೈನಸ್ ವೈರನ್ನು ಅದರ ರಿಂಗ್‌ಗೆ ಕಟ್ಟಿದರೆ, ಗಿಟಾರ್ ಕೇಬಲ್ ಚುಚ್ಚಿದಾಗ ಮಾತ್ರ ಪೆಡಲ್ ಆನ್ ಆಗುತ್ತದೆ, ತೆಗೆದರೆ ಆಫ್.

ಈಗ ಪವರ್ ಜ್ಯಾಕ್. ಇಲ್ಲಿ ಗಮನ ಕೊಡಿ. ಹೆಚ್ಚಿನ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್, 2.1 ಮಿ.ಮೀ. ಜ್ಯಾಕ್, ನಡುವಿನ ಪಿನ್ ಮೈನಸ್. ಅಂದರೆ ಹೊರಗಿನ ಬಳೆ ಪ್ಲಸ್. ಲೋಹದ ಮೈಯ ಪವರ್ ಜ್ಯಾಕ್‌ಗಳಲ್ಲಿ ಆ ಬಳೆ ಸಾಮಾನ್ಯವಾಗಿ ಮೈಗೇ ಸೇರಿಕೊಂಡಿರುತ್ತದೆ. ಅಂಥದ್ದನ್ನು ಅಲ್ಯೂಮಿನಿಯಂ ಬಾಕ್ಸಿಗೆ ಬಿಗಿದರೆ ಬಾಕ್ಸೇ ಪ್ಲಸ್ ಆಗುತ್ತದೆ, ಅತ್ತ ಇನ್‌ಪುಟ್ ಜ್ಯಾಕ್ ಅದೇ ಬಾಕ್ಸನ್ನು ಗ್ರೌಂಡ್‌ಗೆ ಎಳೆದಿರುತ್ತದೆ. ಅಲ್ಲಿಗೆ ನೇರ ಶಾರ್ಟ್. ಪ್ಲಾಸ್ಟಿಕ್ ಮೈಯ ಜ್ಯಾಕನ್ನೇ ತರಿಸಿ.

ಪಾಟ್ ವಿಚಾರಕ್ಕೆ ಬಂದರೆ, ವ್ಯಾಲ್ಯೂ ಜೊತೆಗಿರುವ ಅಕ್ಷರ ಮರೆಯಬೇಡಿ. ಎ ಅಂದರೆ ಲಾಗ್ (ಮೊದಲು ನಿಧಾನ, ಆಮೇಲೆ ಬೇಗ ಏರೋದು), ವಾಲ್ಯೂಮ್‌ಗೆ ಹೆಚ್ಚಾಗಿ ಇದೇ. ಬಿ ಅಂದರೆ ಲೀನಿಯರ್, ತಿರುಗಿಸಿದಷ್ಟೇ ಸಮವಾಗಿ ಏರೋದು. ಸಿ ಅಂದರೆ ಉಲ್ಟಾ ಲಾಗ್, ಅಪರೂಪಕ್ಕೆ ಬೇಕಾಗುತ್ತದೆ. ಹಳೆಯ ಯುರೋಪಿಯನ್ ಪಾಟ್‌ಗಳಲ್ಲಿ ಎ ಅಂದರೆ ಲೀನಿಯರ್ ಇರಬಹುದು, ಆದ್ದರಿಂದ ಹಳೇ ಮಾಲು ಸಿಕ್ಕರೆ ಅಕ್ಷರ ನಂಬದೆ ಮೀಟರ್ ನಂಬಿ. ಪಾಟ್‌ನ ಕಡ್ಡಿಯನ್ನು (ಶಾಫ್ಟ್) ಸರಿಯಾಗಿ ನಡುವಿಗೆ ತಿರುಗಿಸಿ ಒಂದನೇ ಮತ್ತು ಎರಡನೇ ಕಾಲಿನ ನಡುವೆ ಅಳೆಯಿರಿ. 100ಕೆ ಪಾಟ್ 50ಕೆ ಆಸುಪಾಸು ತೋರಿಸಿದರೆ ಲೀನಿಯರ್, 10 ರಿಂದ 15ಕೆ ತೋರಿಸಿದರೆ ಲಾಗ್. ಇನ್ನೊಂದು ಕಿರಿಕಿರಿ ನಾಬ್‌ದು. 6.35 ಮಿ.ಮೀ. ದುಂಡು ಶಾಫ್ಟ್‌ನ ನಾಬ್ ಬೇರೆ, 6 ಮಿ.ಮೀ. ಹಲ್ಲು ಹಲ್ಲಿನ ಶಾಫ್ಟ್‌ನದು ಬೇರೆ. ಪಾಟ್ ಮತ್ತು ನಾಬ್ ಎರಡನ್ನೂ ಒಟ್ಟಿಗೆ ನೋಡಿ ಆರ್ಡರ್ ಮಾಡಿ.

ರೆಸಿಸ್ಟರ್, ಕೆಪಾಸಿಟರ್

ರೆಸಿಸ್ಟರ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಕಾಲು ವ್ಯಾಟ್, ಮೆಟಲ್ ಫಿಲ್ಮ್, 1 ಪರ್ಸೆಂಟ್. ಮುಗೀತು. ಹಳೆಯ ಕಾರ್ಬನ್ ಕಾಂಪೋಸಿಷನ್ ರೆಸಿಸ್ಟರ್‌ನಲ್ಲಿ ಏನೋ ಮಾಯೆ ಇದೆ ಅಂತ ಹೇಳುವವರು ಸಿಗುತ್ತಾರೆ. ಅದರಲ್ಲಿ ಖಂಡಿತವಾಗಿ ಇರೋದು ಜಾಸ್ತಿ ಹಿಸ್ಸ್ ಅಷ್ಟೇ.

ಕೆಪಾಸಿಟರ್‌ನಲ್ಲಿ ಮೂರು ಬಗೆ ಸಾಕು. ಪಿಕೋಫ್ಯಾರಡ್ ಲೆಕ್ಕದವು ಸಿರಾಮಿಕ್, ಅದರಲ್ಲೂ ಸಿ0ಜಿ ಅಂತ ಬರೆದಿರೋದು. 1 ನ್ಯಾನೋಫ್ಯಾರಡ್‌ನಿಂದ 1 ಮೈಕ್ರೋಫ್ಯಾರಡ್ ತನಕ ಬಾಕ್ಸ್ ಆಕಾರದ ಫಿಲ್ಮ್, ಕಾಲುಗಳ ಅಂತರ 5 ಮಿ.ಮೀ. ಅದಕ್ಕಿಂತ ದೊಡ್ಡವು ಎಲೆಕ್ಟ್ರೋಲಿಟಿಕ್. ಸಿಗ್ನಲ್ ಹಾದುಹೋಗುವ ಕಡೆ ದೊಡ್ಡ ವ್ಯಾಲ್ಯೂನ ಅಗ್ಗದ ಸಿರಾಮಿಕ್ ಹಾಕಬೇಡಿ. ವೋಲ್ಟೇಜ್ ಬದಲಾದರೆ ಅದರ ವ್ಯಾಲ್ಯೂ ಕೂಡ ಬದಲಾಗುತ್ತದೆ, ಕೆಲವು ಬೆರಳಲ್ಲಿ ತಟ್ಟಿದರೆ ಆಂಪ್‌ನಲ್ಲಿ ಟಕ್ ಅನ್ನುತ್ತವೆ. 9 ವೋಲ್ಟ್ ಪೆಡಲ್‌ಗೆ ಎಲೆಕ್ಟ್ರೋಲಿಟಿಕ್ 25 ವೋಲ್ಟಿನದ್ದಿದ್ದರೆ ಆರಾಮ. ಅದಕ್ಕೂ ಜಾಸ್ತಿ ವೋಲ್ಟಿನದ್ದು ತಗೊಂಡರೆ ಗಾತ್ರ ಬೆಳೆದು ಬಾಕ್ಸಿನ ಮುಚ್ಚಳಕ್ಕೆ ತಾಗಬಹುದು. ಪಟ್ಟಿಯಲ್ಲಿ 100ಎನ್, ಇನ್ನೊಂದು ಪಟ್ಟಿಯಲ್ಲಿ 0.1 ಮೈಕ್ರೋ, ಕೆಪಾಸಿಟರ್ ಮೈಮೇಲೆ 104 ಅಂತ ಕಂಡರೆ ಗಾಬರಿ ಬೇಡ, ಮೂರೂ ಒಂದೇ.

ಟ್ರಾನ್ಸಿಸ್ಟರ್, ಐಸಿ: ಮೋಸ ಇರೋದು ಇಲ್ಲಿ

ಈಗಲೂ ತಯಾರಾಗುವ ಭಾಗಗಳಲ್ಲಿ ಭಯ ಕಡಿಮೆ. ಟಿಎಲ್072, 4558 ಐಸಿಗಳು, 1ಎನ್4148 ಡಯೋಡ್ ಇವೆಲ್ಲ ಧಾರಾಳವಾಗಿ ಸಿಗುತ್ತವೆ. ತೊಂದರೆ ಇರೋದು ತಯಾರಿ ನಿಂತುಹೋದ, ಆದರೆ ಪೆಡಲ್ ಕಟ್ಟುವವರು ಬಿಡದೆ ಕೇಳುವ ಭಾಗಗಳಲ್ಲಿ. ಜೆ201 ಅನ್ನುವ ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಉದಾಹರಣೆ. ಉದ್ದ ಕಾಲಿನದು ಈಗ ಮಾಮೂಲಾಗಿ ಸಿಗಲ್ಲ. ಹಾಗಾಗಿ ಬೇರೆ ಯಾವುದೋ ಜೆಫೆಟ್ ಮೇಲೆ ಹೆಸರು ಅಚ್ಚೊತ್ತಿ ಮಾರುತ್ತಾರೆ. ಅದರ ಬದಲು ಎಂಎಂಬಿಎಫ್‌ಜೆ201 ಅನ್ನುವ ಪುಟ್ಟ ಸರ್ಫೇಸ್ ಮೌಂಟ್ (ಬೋರ್ಡಿನ ಮೇಲ್ಮೈಗೇ ಬೆಸೆಯುವ) ರೂಪ ತಗೊಂಡು, ಒಂದು ಚಿಕ್ಕ ಅಡಾಪ್ಟರ್ ಬೋರ್ಡಿಗೆ ಬೆಸೆದುಕೊಳ್ಳೋದು ವಾಸಿ. ರ‍್ಯಾಟ್ ಡಿಸ್ಟಾರ್ಷನ್ ಪೆಡಲ್‌ನ ಎಲ್‌ಎಂ308 ಐಸಿಯ ಕಥೆಯೂ ಇದೇ. ಅದರ ಜಾಗಕ್ಕೆ ಒಪಿ07 ಹಾಕಬಹುದು, ಅದೇ ಪೆಡಲ್‌ನ ಆಮೇಲಿನ ಆವೃತ್ತಿಗಳಲ್ಲಿ ಇರೋದೂ ಅದೇ.

ಜರ್ಮೇನಿಯಂ ಟ್ರಾನ್ಸಿಸ್ಟರ್ ಆಸೆ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. 1966ರ ಫಜ್ ಫೇಸ್ ಪೆಡಲ್‌ನಲ್ಲಿದ್ದದ್ದು ಅವೇ. ಆದರೆ ಒಂದೇ ನಂಬರಿನ ಎರಡು ಪೀಸ್ ಒಂದೇ ಥರ ಇರಲ್ಲ. ಗೇನ್ (ಕರೆಂಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನೋದು) ಅಳೆಯುವ ಮಲ್ಟಿಮೀಟರ್‌ನ ಎಚ್‌ಎಫ್‌ಇ ಸಾಕೆಟ್‌ಗೆ ಹಾಕಿ 110 ಬಂತು ಅಂತ ಖುಷಿಪಡಬೇಡಿ. ಬಹಳಷ್ಟು ಮೀಟರ್ ಬೇಸ್‌ಗೆ ಕಳಿಸೋದು ಸುಮಾರು 10 ಮೈಕ್ರೋಆಂಪ್. ಆ ಟ್ರಾನ್ಸಿಸ್ಟರ್ ಸುಮ್ನೆ ಕೂತಾಗಲೂ 300 ಮೈಕ್ರೋಆಂಪ್ ಸೋರುತ್ತಿದ್ದರೆ, ಮೀಟರ್ ಅದನ್ನೂ ಗೇನ್ ಅಂತಲೇ ಲೆಕ್ಕ ಹಾಕಿ 30 ಜಾಸ್ತಿ ತೋರಿಸುತ್ತದೆ. ನಿಜವಾದ ಗೇನ್ 80. ಬೆರಳಲ್ಲಿ ಹಿಡಿದು ಬಿಸಿ ತಾಗಿಸಿ ನೋಡಿ, ಅಂಕಿ ಮೇಲೇರುತ್ತಾ ಹೋಗುತ್ತದೆ. ಆದ್ದರಿಂದ ಸೋರಿಕೆ ಮತ್ತು ಗೇನ್ ಎರಡನ್ನೂ ಅಳೆದು ಬರೆದು ಕೊಡುವ ಮಾರಾಟಗಾರರಿಂದಲೇ ಕೊಳ್ಳಿ. ಬೆಲೆ ಜಾಸ್ತಿ ಆದರೂ ಚಿಂತೆಯಿಲ್ಲ, ಅಳೆಯದ ಹತ್ತು ಪೀಸ್ ತಂದು ಎಂಟನ್ನು ಡಬ್ಬಿಗೆ ಎಸೆಯೋದಕ್ಕಿಂತ ಅಗ್ಗವೇ.

ಟ್ರಾನ್ಸಿಸ್ಟರ್ ಬದಲಿಸುವಾಗ ಕಾಲುಗಳ ಕ್ರಮವನ್ನು ಡೇಟಾಶೀಟ್‌ನಲ್ಲಿ (ತಯಾರಕರ ಮಾಹಿತಿ ಹಾಳೆ) ನೋಡಿ. ಚಪ್ಪಟೆ ಮುಖ ನಮ್ಮ ಕಡೆ ಇದ್ದಾಗ ಎಡದಿಂದ 2ಎನ್5088ರದು ಎಮಿಟರ್, ಬೇಸ್, ಕಲೆಕ್ಟರ್. ಬಿಸಿ549ರದು ಕಲೆಕ್ಟರ್, ಬೇಸ್, ಎಮಿಟರ್. ಅದನ್ನು ತಿರುಗಿಸಿ ಹಾಕಿದರಾಯಿತು. ಐಸಿಗಳಿಗೆ ಸಾಕೆಟ್ ಹಾಕಿ.

ಆರ್ಡರ್ ಮಾಡುವಾಗ

ಐಸಿ, ಟ್ರಾನ್ಸಿಸ್ಟರ್‌ಗಳನ್ನು ಮೌಸರ್, ಡಿಜಿ-ಕೀ ಥರದ ಅಧಿಕೃತ ವಿತರಕರಿಂದ ತರಿಸಿದರೆ ನಕಲಿ ಭಯ ಇರಲ್ಲ. ಬಾಕ್ಸ್, ಸ್ವಿಚ್, ನಾಬ್, ಪಾಟ್‌ಗಳಿಗೆ ಪೆಡಲ್ ಭಾಗಗಳನ್ನೇ ಮಾರುವ ಅಂಗಡಿಗಳು ಅನುಕೂಲ, ಅಳತೆಗಳು ಒಂದಕ್ಕೊಂದು ಹೊಂದುತ್ತವೆ. ಯಾರು ಬೇಕಾದರೂ ಮಾರಬಹುದಾದ ಸೈಟ್‌ಗಳಲ್ಲಿ ರೆಸಿಸ್ಟರ್, ವೈರ್, ಎಲ್‌ಇಡಿ ಕೊಳ್ಳಿ, ಅಪರೂಪದ ಐಸಿ ಮಾತ್ರ ಬೇಡ. ಸಾಗಾಟದ ಖರ್ಚು ಎಷ್ಟೋ ಸಲ ಮಾಲಿಗಿಂತ ಜಾಸ್ತಿ ಆಗುತ್ತದೆ, ಹಾಗಾಗಿ ಎರಡು ಮೂರು ಪೆಡಲ್‌ಗಳ ಪಟ್ಟಿ ಸೇರಿಸಿ ಒಂದೇ ಸಲ ತರಿಸಿ. ರೆಸಿಸ್ಟರ್ ಹತ್ತರ ಲೆಕ್ಕದಲ್ಲಿ, ಟ್ರಾನ್ಸಿಸ್ಟರ್ ಎರಡು ಜಾಸ್ತಿ. ಪವರ್‌ನ ಪ್ಲಸ್ ಮೈನಸ್ ಅದಲುಬದಲಾದರೆ (ರಿವರ್ಸ್ ಪೋಲಾರಿಟಿ) ಪೆಡಲನ್ನು ಕಾಪಾಡೋಕೆ 1ಎನ್5817 ಡಯೋಡ್ ಪಟ್ಟಿಯಲ್ಲಿ ಇಲ್ಲದಿದ್ದರೂ ಸೇರಿಸಿಕೊಳ್ಳಿ.

ಮಾಲು ಬಂದ ಮೇಲೆ ರೆಸಿಸ್ಟರ್‌ಗಳನ್ನು ಮೀಟರ್‌ನಲ್ಲಿ ಅಳೆದು ಕವರ್ ಮೇಲೆ ಬರೆದಿಡಿ, ನೀಲಿ ಮೈಯ ಮೆಟಲ್ ಫಿಲ್ಮ್ ಮೇಲಿನ ಬಣ್ಣದ ಪಟ್ಟಿ ಓದೋದು ಕಣ್ಣಿಗೆ ಶಿಕ್ಷೆ. ಬಾಕ್ಸಿಗೆ ತೂತು ಕೊರೆಯೋದು ಎಲ್ಲ ಭಾಗ ಕೈಗೆ ಬಂದ ನಂತರವೇ. ಪಾಟ್‌ಗೆ 7 ಮಿ.ಮೀ., ಫುಟ್‌ಸ್ವಿಚ್‌ಗೆ 12 ಮಿ.ಮೀ. ಅನ್ನೋದು ಸಾಮಾನ್ಯ ಲೆಕ್ಕ. ಆದರೂ ನಿಮ್ಮ ಕೈಯಲ್ಲಿರುವ ಪೀಸಿನ ಥ್ರೆಡ್ ಅಳೆದು, ಆಮೇಲೆ ಡ್ರಿಲ್ ಹಿಡಿಯಿರಿ.