ಗುಣ ನಾಲ್ಕು ವರ್ಷ, ಜಡ್ಜ್ ಮೂವತ್ತು ವರ್ಷ: ಪೆನ್ಸಿಲ್ವೇನಿಯಾದಲ್ಲಿ ಓಟು ಕೇಳಿದ ನನ್ನ ಅನುಭವ

2016ರ ಸೆಪ್ಟೆಂಬರ್‌ನಲ್ಲಿ ನಾನು ಮೊದಲ ಸಲ ಓಟು ಕೇಳಲು ಮನೆ ಮನೆ ಸುತ್ತಿದೆ. ಪಿಟ್ಸ್‌ಬರ್ಗ್‌ಗೆ ಬಂದು ಹದಿನಾಲ್ಕು ವರ್ಷ ಆಗಿತ್ತು. ಅಮೆರಿಕದ ಪೌರತ್ವ ಸಿಕ್ಕಿ ಮೂರು ವರ್ಷ. ಹಿಲರಿ ಕ್ಲಿಂಟನ್ ಪರವಾಗಿ ಕೆಲಸ ಮಾಡಿದೆ. ನಾನು ಯಾವ ಕಡೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆದಿರುವುದೆಲ್ಲ ಆ ಕಡೆ ನಿಂತು ಕಂಡದ್ದು.

ಕೆಲಸ ಹೀಗೆ. ಶನಿವಾರ ಬೆಳಿಗ್ಗೆ ಪ್ರಚಾರದ ಆಫೀಸಿಗೆ ಹೋದರೆ ಕೈಗೊಂದು ಪಟ್ಟಿ ಕೊಡುತ್ತಾರೆ. ಐವತ್ತು ಮನೆ, ಅಲ್ಲಿರುವವರ ಹೆಸರು, ವಯಸ್ಸು, ಯಾವ ಪಕ್ಷದಲ್ಲಿ ನೋಂದಾಯಿಸಿದ್ದಾರೆ ಎಂಬ ವಿವರ. ಬಾಗಿಲು ತಟ್ಟಬೇಕು, ಮಾತಾಡಿಸಬೇಕು, 1ರಿಂದ 5ರವರೆಗೆ ಒಂದು ನಂಬರ್ ಹಾಕಬೇಕು. 1 ಅಂದರೆ ಖಂಡಿತ ನಮ್ಮವರು, 5 ಅಂದರೆ ಖಂಡಿತ ಅಲ್ಲ. ಐವತ್ತರಲ್ಲಿ ಹತ್ತು ಹನ್ನೆರಡು ಬಾಗಿಲು ತೆರೆದರೆ ಅದೇ ಜಾಸ್ತಿ. ಯಾರೂ ಇಲ್ಲದಿದ್ದರೆ ಕರಪತ್ರವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಬರಬೇಕು. ಅಂಚೆ ಡಬ್ಬಿಗೆ ಹಾಕುವಂತಿಲ್ಲ, ಇಲ್ಲಿ ಅದು ಕಾನೂನಿಗೆ ವಿರುದ್ಧ.

ಬರೀ ನಂಬರ್ ನನಗೆ ಸಾಲಲಿಲ್ಲ. ಜನ ಏನು ಕಾರಣ ಹೇಳಿದರು ಅಂತ ಬರೆದಿಡಲು ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡೆ. ಬೇರೆಯವರು ಓದಬಾರದು ಅಂತ ಕನ್ನಡದಲ್ಲೇ ಒಂದೊಂದು ಅಕ್ಷರ. ಕೆಲಸಕ್ಕೆ ‘ಕೆ’, ಆಸ್ಪತ್ರೆ ಖರ್ಚಿಗೆ ‘ಆ’, ಅಭ್ಯರ್ಥಿಯ ಗುಣಕ್ಕೆ ‘ಗು’. ಮೊದಲ ಮೂರು ವಾರ ಆ ಪುಸ್ತಕದಲ್ಲಿ ‘ಕೋ’ ಇರಲೇ ಇಲ್ಲ. ಬಾಗಿಲಲ್ಲಿ ನಿಂತು ಯಾರಾದರೂ ಕೋರ್ಟ್ ಬಗ್ಗೆ ಮಾತಾಡುತ್ತಾರೆ ಅಂತ ನನಗೆ ಹೊಳೆದೇ ಇರಲಿಲ್ಲ.

ನಾವು ಹೇಳುತ್ತಿದ್ದದ್ದು ಬರೀ ಗುಣದ ಮಾತು. ಟ್ರಂಪ್ ಅವರ ಮುಂಗೋಪ, ಹಿಡಿತವಿಲ್ಲದ ನಾಲಿಗೆ, ಹೊತ್ತಿಲ್ಲದ ಹೊತ್ತಿನಲ್ಲಿ ಟ್ವೀಟ್. ಇಂಥವರ ಕೈಗೆ ಅಣುಬಾಂಬ್ ಕೊಡಬಹುದಾ? ಜುಲೈನಲ್ಲಿ ಫಿಲಡೆಲ್ಫಿಯಾದ ಸಮಾವೇಶದಲ್ಲಿ ಕ್ಲಿಂಟನ್ ಕೇಳಿದ್ದೂ ಅದನ್ನೇ. ಟ್ರಂಪ್ ಬೈಗುಳಗಳನ್ನು ಮಕ್ಕಳು ಟಿವಿ ಮುಂದೆ ಕೂತು ನೋಡುವ ಜಾಹೀರಾತು ದಿನವೂ ಬರುತ್ತಿತ್ತು. ನನಗಂತೂ ಅಷ್ಟು ಸಾಕಿತ್ತು. ನಮ್ಮ ಮನೆಯಲ್ಲಿ ಹುಡುಗನನ್ನು ನೋಡಲು ಹೋದರೂ ಅಜ್ಜಿ ಮೊದಲು ವಿಚಾರಿಸುತ್ತಿದ್ದದ್ದು ಸಿಟ್ಟು ಬಂದಾಗ ಅವನು ಹೇಗಿರುತ್ತಾನೆ ಅಂತ.

ಅಕ್ಟೋಬರ್ 8, ಶನಿವಾರ. ಹಿಂದಿನ ದಿನವಷ್ಟೇ ಟ್ರಂಪ್ 2005ರಲ್ಲಿ ಹೆಂಗಸರ ಬಗ್ಗೆ ಆಡಿದ್ದ ಹೊಲಸು ಮಾತಿನ ಟೇಪ್ ಹೊರಬಿದ್ದಿತ್ತು. ನನ್ನನ್ನು ವೆಸ್ಟ್‌ಮೋರ್‌ಲ್ಯಾಂಡ್ ಕೌಂಟಿಯ ಒಂದು ಸಣ್ಣ ಊರಿಗೆ ಕಳಿಸಿದ್ದರು. ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಅಂಗಳದಲ್ಲಿ ಮೇಪಲ್ ಎಲೆ ಗುಡ್ಡೆ ಹಾಕುತ್ತಿದ್ದರು. ಪಟ್ಟಿಯಲ್ಲಿ ಅವರು ಡೆಮಾಕ್ರಾಟ್, ಅಂದರೆ ಕ್ಲಿಂಟನ್ ಪಕ್ಷದವರು. ಟೇಪ್ ವಿಷಯ ತೆಗೆಯುತ್ತಿದ್ದ ಹಾಗೆ ಅವರೇ ಶುರು ಮಾಡಿದರು. “ಕೇಳಿದೆ. ಆ ಮನುಷ್ಯನನ್ನು ನನ್ನ ಮನೆಗೆ ಊಟಕ್ಕೆ ಕರೆಯುವುದಿಲ್ಲ. ಮೊಮ್ಮಗಳು ಇರುವಾಗಂತೂ ಹೊಸ್ತಿಲು ದಾಟಲು ಬಿಡುವುದಿಲ್ಲ.”

ನನಗೆ ಖುಷಿಯಾಯಿತು. 2 ಅಂತ ಬರೆಯಲು ಪೆನ್ನು ತೆಗೆದೆ. ಅವರು ಕೈಲಿದ್ದ ಕೋಲನ್ನು ಕಂಬಕ್ಕೆ ಒರಗಿಸಿ, ಕೈಗವಸು ಬಿಚ್ಚಿ, “ಆದರೆ ಓಟು ಅವನಿಗೇ” ಅಂದರು.

ಯಾಕೆ ಅಂತ ಕೇಳಿದೆ. ಬೆರಳು ಮಡಚಿ ಲೆಕ್ಕ ಹೇಳಿದರು. ಅಧ್ಯಕ್ಷ ನಾಲ್ಕು ವರ್ಷ, ಹೆಚ್ಚೆಂದರೆ ಎಂಟು. ಸುಪ್ರೀಂ ಕೋರ್ಟಿನಲ್ಲಿ ಜಡ್ಜ್ ಸ್ಕಾಲಿಯಾ ಅವರ ಕುರ್ಚಿ ಖಾಲಿ ಇದೆ. ಐವತ್ತು ವರ್ಷದವರು ಬಂದು ಕೂತರೆ ಮೂವತ್ತು ವರ್ಷ ಏಳುವುದಿಲ್ಲ. “ನಾನು ಹೋದಮೇಲೂ ಅವರು ಇರುತ್ತಾರೆ. ಮೊಮ್ಮಗಳಿಗೆ ಮಕ್ಕಳಾದಮೇಲೂ ಇರುತ್ತಾರೆ.” ಅವರು ಕ್ಯಾಥೊಲಿಕ್. ಇಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ನಿಂತಿದ್ದ ಗರ್ಭಪಾತದ ವಿಷಯ ಅವರಿಗೆ ರಾಜಕೀಯ ಅಲ್ಲ, ನಂಬಿಕೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈಯಲ್ಲಿದ್ದ ಕರಪತ್ರದಲ್ಲಿ ಕೋರ್ಟ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಾರಿಗೆ ಬಂದು ಕೂತು ನೋಟ್‌ಬುಕ್‌ನಲ್ಲಿ ಮೊದಲ ‘ಕೋ’ ಬರೆದೆ.

ಆ ಕುರ್ಚಿಯ ಕಥೆ ಚಿಕ್ಕದಾಗಿ ಹೇಳುತ್ತೇನೆ. ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳಲ್ಲಿ ಆಂಟನಿನ್ ಸ್ಕಾಲಿಯಾ 2016ರ ಫೆಬ್ರವರಿ 13ರಂದು ತೀರಿಕೊಂಡರು. ಒಬಾಮಾ ಮಾರ್ಚ್ 16ರಂದು ಮೆರಿಕ್ ಗಾರ್ಲೆಂಡ್ ಹೆಸರು ಹೇಳಿದರು. ಜನ ಚುನಾವಣೆಯಲ್ಲಿ ತೀರ್ಮಾನ ಮಾಡಲಿ ಅಂತ ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಅವರ ಕಡೆಯವರು ವಿಚಾರಣೆಯನ್ನೇ ಮಾಡಲಿಲ್ಲ. ಆ ವರ್ಷವಿಡೀ ಕುರ್ಚಿ ಖಾಲಿ. ಗೆದ್ದರೆ ಇವರಲ್ಲೇ ಒಬ್ಬರನ್ನು ಜಡ್ಜ್ ಮಾಡುತ್ತೇನೆ ಅಂತ ಟ್ರಂಪ್ ಮೇ ತಿಂಗಳಲ್ಲಿ 11 ಹೆಸರುಗಳ ಪಟ್ಟಿ ಕೊಟ್ಟರು, ಸೆಪ್ಟೆಂಬರ್‌ನಲ್ಲಿ ಇನ್ನೂ 10 ಸೇರಿಸಿದರು. ಆ ಪಟ್ಟಿಯ ಬಲ ಎಷ್ಟು ಅಂತ ನನಗೆ ಅರ್ಥವಾದದ್ದು ಆ ಅಂಗಳದಲ್ಲಿ. ಬಾಯಿಮಾತು ನಂಬದ ಜನಕ್ಕೆ ಚೀಟಿ ಬರೆದು ಕೊಟ್ಟ ಹಾಗೆ ಅದು. ಮನುಷ್ಯನ ಗುಣ ಹೇಗೇ ಇರಲಿ, ಪಟ್ಟಿ ಕೈಯಲ್ಲಿದೆ ಅಲ್ವಾ ಅನ್ನುವ ಧೈರ್ಯ. ನಾವು ಗುಣ ಸರಿ ಇಲ್ಲ ಅಂತ ಕೂಗುತ್ತಿದ್ದೆವು. ಅದು ಅವರಿಗೆ ನಮಗಿಂತ ಮೊದಲೇ ಗೊತ್ತಿತ್ತು.

ಮರುದಿನ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತಾ ಇದನ್ನೇ ಹೇಳುತ್ತಿದ್ದೆ. ಮಗನ ಮನೆಗೆ ಬಂದಿದ್ದ ಹಾಸನದ ಹಿರಿಯರೊಬ್ಬರು ಕೇಳಿದರು, “ಅಲ್ಲಮ್ಮಾ, ಜಡ್ಜ್‌ಗೂ ಓಟಿಗೂ ಏನು ಸಂಬಂಧ?” ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮಲ್ಲಿ ಸುಪ್ರೀಂ ಕೋರ್ಟಿಗೆ ಹೆಸರು ಆರಿಸುವುದು ಜಡ್ಜ್‌ಗಳದೇ ಕೊಲಿಜಿಯಂ, 65ಕ್ಕೆ ನಿವೃತ್ತಿ. ಲೋಕಸಭೆಗೆ ಓಟು ಹಾಕುವಾಗ ಯಾರೂ ಅದನ್ನು ನೆನೆಯುವುದಿಲ್ಲ. ಇಲ್ಲಿ ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಿದರೆ ಜೀವಮಾನವಿಡೀ. ಪೆನ್ಸಿಲ್ವೇನಿಯಾ ಇನ್ನೂ ಒಂದು ಹೆಜ್ಜೆ ಮುಂದೆ, ರಾಜ್ಯದ ಜಡ್ಜ್‌ಗಳನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಅದೇ ನವೆಂಬರ್‌ನಲ್ಲಿ ರಾಜ್ಯದ ಜಡ್ಜ್‌ಗಳ ನಿವೃತ್ತಿ ವಯಸ್ಸನ್ನು 70ರಿಂದ 75ಕ್ಕೆ ಏರಿಸುವ ಪ್ರಶ್ನೆಯೂ ಜನರ ಮುಂದಿತ್ತು. ಅದು ಕಡಿಮೆ ಅಂತರದಲ್ಲಿ ಗೆದ್ದಿತು. “ಅಂದ್ರೆ ಇಲ್ಲಿ ಓಟು ಹಾಕೋರು ಎರಡು ಸಲ ಯೋಚನೆ ಮಾಡ್ಬೇಕು” ಅಂದರು ಆ ಹಿರಿಯರು.

ಆ ವಾರದಿಂದ ನಾನು ಕೇಳುವ ರೀತಿ ಬದಲಾಯಿಸಿದೆ. ಟ್ರಂಪ್ ಹೆಸರನ್ನು ನಾನಾಗಿ ಎತ್ತುತ್ತಿರಲಿಲ್ಲ. “ಓಟು ಹಾಕುವ ಹೊತ್ತಿಗೆ ನಿಮ್ಮ ಮನಸ್ಸಿನಲ್ಲಿ ಕೊನೆಗೆ ಉಳಿಯುವುದು ಏನು?” ಅಂತ ಕೇಳಿ ಸುಮ್ನೆ ನಿಲ್ಲುತ್ತಿದ್ದೆ. ಸುಮ್ನೆ ನಿಲ್ಲುವುದೇ ಕಷ್ಟದ ಕೆಲಸ. ಹತ್ತು ಸೆಕೆಂಡ್ ಕಾದರೆ ಜನ ಎರಡನೇ ಕಾರಣ ಹೇಳುತ್ತಾರೆ. ನಿಜವಾದದ್ದು ಸಾಮಾನ್ಯವಾಗಿ ಎರಡನೆಯದೇ. ಮೊದಲು ‘ಗು’ ಹೇಳಿದ ಎಷ್ಟೋ ಜನ ಆಮೇಲೆ ‘ಕೋ’ ಹೇಳಿದರು. ಅಂಥ ಮನೆಗಳಲ್ಲಿ ಗುಣದ ಮಾತನ್ನು ಅಲ್ಲಿಗೇ ಬಿಟ್ಟು ನಾನೂ ಕೋರ್ಟ್ ವಿಷಯಕ್ಕೇ ಬರುತ್ತಿದ್ದೆ.

ಅದಕ್ಕೆ ನಾನು ಓದಿಕೊಳ್ಳಬೇಕಾಯಿತು. ಒಂದು ಬಾಗಿಲಲ್ಲಿ ಅದು ಕೆಲಸಕ್ಕೆ ಬಂತು. ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಇಬ್ಬರ ಗುಣವೂ ಬೇಡ, ಓಟೇ ಹಾಕುವುದಿಲ್ಲ ಅಂತ ಕೂತಿದ್ದರು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದ ಒಂದು ಕೇಸಿನ ಬಗ್ಗೆ ಹೇಳಿದೆ. ಸರ್ಕಾರಿ ನೌಕರರ ಸಂಘಗಳು ಸದಸ್ಯರಲ್ಲದವರಿಂದಲೂ ಶುಲ್ಕ ತೆಗೆದುಕೊಳ್ಳಬಹುದಾ ಅನ್ನುವ ಕ್ಯಾಲಿಫೋರ್ನಿಯಾ ಶಿಕ್ಷಕರ ಕೇಸು ಅದು. ಸ್ಕಾಲಿಯಾ ಇಲ್ಲದ ಕಾರಣ 4-4 ಆಗಿ ನಿಂತಿತ್ತು. ಒಂಬತ್ತನೆಯವರು ಯಾರು ಬರುತ್ತಾರೋ ಅದರ ಮೇಲೆ ನಿಮ್ಮ ಸಂಘದ ಗತಿ ಅಂದೆ. ಅವರು ಬಾಗಿಲು ಪೂರ್ತಿ ತೆರೆದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಇಪ್ಪತ್ತು ನಿಮಿಷ ಮಾತಾಡಿದೆವು. ಇಂಥದೇ ಇನ್ನೊಂದು ಕೇಸು ಮತ್ತೆ ಬಂದು 2018ರಲ್ಲಿ 5-4ರಲ್ಲಿ ಸಂಘಗಳ ವಿರುದ್ಧ ತೀರ್ಪಾಯಿತು. ಆ ಕುರ್ಚಿಯಲ್ಲಿ ಆಗ ಟ್ರಂಪ್ ನೇಮಿಸಿದ ನೀಲ್ ಗೋರ್ಸಚ್ ಇದ್ದರು. ತೀರ್ಪಿನ ಸುದ್ದಿ ಓದಿದ ದಿನ ನನಗೆ ಮೊದಲು ನೆನಪಾದದ್ದು ಆ ಮೆಟ್ಟಿಲು.

ನಾನು ಕಲಿಯುವ ಹೊತ್ತಿಗೆ ತಡವಾಗಿತ್ತು. ಪೆನ್ಸಿಲ್ವೇನಿಯಾವನ್ನು ಟ್ರಂಪ್ ಸುಮಾರು 44,000 ಓಟಿನಿಂದ ಗೆದ್ದರು. ಮತಗಟ್ಟೆಯಿಂದ ಹೊರಬಂದವರನ್ನು ದೇಶಾದ್ಯಂತ ಕೇಳಿದ ಸಮೀಕ್ಷೆಯಲ್ಲಿ ನನ್ನ ನೋಟ್‌ಬುಕ್ಕೇ ದೊಡ್ಡದಾಗಿ ಕಂಡಿತು. ಅಧ್ಯಕ್ಷರಾಗಲು ತಕ್ಕ ಸ್ವಭಾವ ಟ್ರಂಪ್‌ಗೆ ಇಲ್ಲ ಅಂದವರು ಶೇಕಡಾ 63. ಹಾಗೆ ಅಂದವರಲ್ಲೇ ಐವರಲ್ಲಿ ಒಬ್ಬರು ಅವರಿಗೆ ಓಟು ಹಾಕಿದ್ದರು. ಸುಪ್ರೀಂ ಕೋರ್ಟ್ ನೇಮಕವೇ ಎಲ್ಲಕ್ಕಿಂತ ಮುಖ್ಯ ಅಂದವರು ಶೇಕಡಾ 21, ಅವರಲ್ಲಿ ಟ್ರಂಪ್‌ಗೆ 56, ಕ್ಲಿಂಟನ್‌ಗೆ 41. ಕೋರ್ಟ್ ಒಂದೇ ಗೆಲ್ಲಿಸಿತು ಅಂತ ನಾನು ಹೇಳುವುದಿಲ್ಲ. ಆದರೆ ಇಷ್ಟು ಸಣ್ಣ ಅಂತರದಲ್ಲಿ, ಗುಣ ನೋಡಿ ಹಿಂದೆಮುಂದೆ ನೋಡುತ್ತಿದ್ದವರಿಗೆ ಅದು ನಿಲ್ಲಲು ಜಾಗ ಕೊಟ್ಟಿತು.

2020ರಲ್ಲಿ ಕೊರೊನಾ ಕಾರಣ ಬಹುತೇಕ ಫೋನಿನಲ್ಲೇ ಕೆಲಸ. ಅಕ್ಟೋಬರ್‌ನಲ್ಲಿ ಮತ್ತೆ ಬಾಗಿಲು ತಟ್ಟಲು ಬಿಟ್ಟರು. ರುತ್ ಬೇಡರ್ ಗಿನ್ಸ್‌ಬರ್ಗ್ ಸೆಪ್ಟೆಂಬರ್ 18ರಂದು ತೀರಿಕೊಂಡಿದ್ದರು. ಅವರ ಜಾಗಕ್ಕೆ ಏಮಿ ಕೋನಿ ಬ್ಯಾರೆಟ್ ಅವರನ್ನು ಸೆನೆಟ್ 52-48ರಲ್ಲಿ ಒಪ್ಪಿದ್ದು ಅಕ್ಟೋಬರ್ 26ಕ್ಕೆ, ಚುನಾವಣೆಗೆ ಎಂಟೇ ದಿನ ಇರುವಾಗ. ಆ ವಾರದ ಶನಿವಾರ ನಾನೇ ಕೇಳಿ ವೆಸ್ಟ್‌ಮೋರ್‌ಲ್ಯಾಂಡ್‌ನ ಅದೇ ಬೀದಿಯ ಪಟ್ಟಿ ತೆಗೆದುಕೊಂಡೆ.

ಅಂಗಳದ ತುಂಬ ಎಲೆ ಬಿದ್ದಿತ್ತು, ಗುಡ್ಡೆ ಹಾಕಿರಲಿಲ್ಲ. ಬಾಗಿಲು ತಟ್ಟಿ, ಆರು ಅಡಿ ಹಿಂದೆ ಸರಿದು, ಮಾಸ್ಕ್ ಹಾಕಿಕೊಂಡು ನಿಂತೆ. ಅವರೇ ಬಂದರು. ಈಗ ಕೈಯಲ್ಲಿ ಊರುಗೋಲು. ನನ್ನ ಮುಖ ಕಾಣದಿದ್ದರೂ ದನಿ ಗುರುತಿಸಿದರು. ಅದೇ ಪ್ರಶ್ನೆ ಕೇಳಿದೆ, ಸುಮ್ನೆ ನಿಂತೆ.

“ಮೂರು ಜಡ್ಜ್ ಬಂದರು” ಅಂದರು. “ಅವನಿಗೆ ಕೊಟ್ಟ ಕೆಲಸ ಮುಗಿಯಿತು.” ಸ್ವಲ್ಪ ಹೊತ್ತು ಬೀದಿ ನೋಡಿದರು. “ಇನ್ನು ಆ ಬಾಯಿಯನ್ನು ಇನ್ನೂ ನಾಲ್ಕು ವರ್ಷ ಕೇಳಬೇಕಾ ಅಂತ ಯೋಚಿಸುತ್ತಿದ್ದೇನೆ.”

ಯಾರಿಗೆ ಅಂತ ಕೇಳಲಿಲ್ಲ. ಮೊಮ್ಮಗಳು ಹೇಗಿದ್ದಾಳೆ ಅಂತ ಕೇಳಿದೆ. ಹದಿನಾರು, ಕಾರು ಓಡಿಸಲು ಕಲಿಯುತ್ತಿದ್ದಾಳೆ ಅಂದರು. ಪಟ್ಟಿಯಲ್ಲಿ 3 ಹಾಕಿದೆ. ನೋಟ್‌ಬುಕ್‌ನಲ್ಲಿ ಮೊದಲು ‘ಕೋ’ ಬರೆದು, ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಗು’ ಬರೆದೆ.