ಅರಬ್ ದಂಡು ಯಾಕೆ ಹೊರಟಿತು? ಉತ್ತರ ಹುಡುಕುವುದು ಹೀಗೆ

ಏಳನೇ ಶತಮಾನದ ಅರಬ್ ದಂಡಯಾತ್ರೆಗಳ ಮಾತು ಬಂದರೆ ಕೆಲವರು ‘ಎಲ್ಲಾ ಧರ್ಮಕ್ಕಾಗಿ’ ಅಂತಾರೆ, ಕೆಲವರು ‘ಬರೀ ಲೂಟಿಗಾಗಿ’ ಅಂತಾರೆ. ಎರಡೂ ಅವಸರದ ಉತ್ತರ.

ಹೆಜ್ಜೆ 1: ಎರಡು ಪ್ರಶ್ನೆಗಳನ್ನು ಬೇರೆ ಮಾಡಿ. ಯಾಕೆ ಹೊರಟರು ಅನ್ನೋದು ಒಂದು, ಹೇಗೆ ಗೆದ್ದರು ಅನ್ನೋದು ಇನ್ನೊಂದು. ಬೈಜಾಂಟಿಯಮ್ (ಪೂರ್ವ ರೋಮನ್ ಸಾಮ್ರಾಜ್ಯ) ಮತ್ತು ಪರ್ಷಿಯಾ 602ರಿಂದ 628ರವರೆಗೆ ಬಡಿದಾಡಿ ಬಸವಳಿದಿದ್ದವು. ಇದರಿಂದ ಗೆಲುವು ಅರ್ಥವಾಗುತ್ತದೆ, ಉದ್ದೇಶ ಅಲ್ಲ.

ಹೆಜ್ಜೆ 2: ಇಸವಿಗಳನ್ನು ಸಾಲಾಗಿ ಬರೆದುಕೊಳ್ಳಿ. 632ರಲ್ಲಿ ಪ್ರವಾದಿ ಮುಹಮ್ಮದ್ ತೀರಿಕೊಂಡರು. ಹಲವು ಬುಡಕಟ್ಟುಗಳು ಮದೀನಾಕ್ಕೆ ಝಕಾತ್ (ಮುಸ್ಲಿಮರು ಕೊಡಬೇಕಾದ ದಾನ-ತೆರಿಗೆ) ಕೊಡುವುದಿಲ್ಲ ಎಂದವು. ಪ್ರವಾದಿಯ ನಂತರ ಮುಂದಾಳಾದ ಖಲೀಫ ಅಬೂಬಕರ್ ಯುದ್ಧ ಮಾಡಿ ಅವನ್ನು ಮತ್ತೆ ಒಳಗೆ ತಂದರು. ಈಗ ಎಲ್ಲರೂ ಒಂದೇ ಕಡೆಯವರು. ಪಕ್ಕದ ಬುಡಕಟ್ಟಿನ ಒಂಟೆ ಹೊಡೆದುಕೊಂಡು ಬರುವ ಹಳೇ ದಾರಿ ಮುಚ್ಚಿತು. ಒಗ್ಗೂಡಿದ ಈ ಪಡೆ ಉತ್ತರಕ್ಕೆ ತಿರುಗಿತು. 636ರ ಹೊತ್ತಿಗೆ ಸಿರಿಯಾ ಕಡೆಯ ಯರ್ಮೂಕ್ ನದಿಯ ಬಳಿ ಬೈಜಾಂಟೈನ್ ಸೈನ್ಯ ಸೋತಿತ್ತು.

ಹೆಜ್ಜೆ 3: ದುಡ್ಡಿನ ಲೆಕ್ಕ ನೋಡಿ. ಇದನ್ನು ಜಾಸ್ತಿ ಜನ ಬಿಟ್ಟೇಬಿಡುತ್ತಾರೆ. ಕೊಳ್ಳೆಯಲ್ಲಿ ಐದನೇ ಒಂದು ಪಾಲು ಖಜಾನೆಗೆ, ಉಳಿದದ್ದು ಸೈನಿಕರಿಗೆ. ಮುಂದೆ ಖಲೀಫ ಉಮರ್ ‘ದಿವಾನ್’ ಎಂಬ ದಫ್ತರ ತೆರೆದರು. (ನಮ್ಮ ಮೈಸೂರು ದಿವಾನರ ಹುದ್ದೆಯ ಹೆಸರೂ ಇದೇ ಪದ.) ಅದರಲ್ಲಿ ಹೆಸರಿದ್ದವರಿಗೆ ವರ್ಷಾಶನ. ಇಸ್ಲಾಮಿಗೆ ಮೊದಲು ಬಂದವರಿಗೆ ಹೆಚ್ಚು, ತಡವಾಗಿ ಬಂದವರಿಗೆ ಕಡಿಮೆ. ನಂಬಿಕೆ ಎಲ್ಲಿ ಮುಗಿಯಿತು, ಸಂಬಳ ಎಲ್ಲಿ ಶುರುವಾಯಿತು, ಹೇಳಿ ನೋಡೋಣ?

ಹೆಜ್ಜೆ 4: ‘ಮತಾಂತರಕ್ಕೇ ಹೊರಟರು’ ಎಂಬುದನ್ನೂ ಒರೆಗೆ ಹಚ್ಚಿ. ಗೆದ್ದ ನಾಡಿನ ಕ್ರೈಸ್ತರು, ಯಹೂದಿಗಳು ಜಿಝಿಯಾ (ಮುಸ್ಲಿಮರಲ್ಲದವರ ತಲೆಗಂದಾಯ) ಕಟ್ಟಿ ತಮ್ಮ ಧರ್ಮದಲ್ಲೇ ಉಳಿಯಬಹುದಿತ್ತು. ಈಜಿಪ್ಟ್, ಇರಾನ್‌ಗಳಲ್ಲಿ ಮುಸ್ಲಿಮರು ಬಹುಸಂಖ್ಯಾತರಾಗಲು ಶತಮಾನಗಳೇ ಹಿಡಿದವು.

ಹೆಜ್ಜೆ 5: ಆ ಕಾಲದ್ದೇ ಕಾಗದ ಹುಡುಕಿ. ದಂಡಯಾತ್ರೆಗಳ ದೊಡ್ಡ ಅರಬ್ಬೀ ಚರಿತ್ರೆಗಳು ಉಳಿದಿರುವುದು ಒಂಬತ್ತನೇ ಶತಮಾನದಿಂದ. ಅಷ್ಟರಲ್ಲಿ ಗೆದ್ದವರ ಮೊಮ್ಮಕ್ಕಳಿಗೂ ಮೊಮ್ಮಕ್ಕಳಾಗಿದ್ದರು. ಆದರೆ ಈಜಿಪ್ಟಿನ ಒಂದು ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಚೀಟಿ 643ರದ್ದು, ಈಗ ವಿಯೆನ್ನಾದಲ್ಲಿದೆ. ಗ್ರೀಕ್ ಮತ್ತು ಅರಬ್ಬೀ, ಎರಡರಲ್ಲೂ ಬರೆದ ರಸೀದಿ ಅದು. ಶುರುವಾಗುವುದು ದೇವರ ಹೆಸರಿನಿಂದ. ಆಮೇಲೆ ವಿಷಯ: ಸೈನಿಕರ ಊಟಕ್ಕೆ 65 ಕುರಿ ಪಡೆದಿದ್ದೇವೆ. ಚೀಟಿಯ ಬೆನ್ನಿಗೆ ಗ್ರೀಕಿನಲ್ಲಿ ಒಂದು ಟಿಪ್ಪಣಿ ಇದೆ. ಆ ಕುರಿಗಳನ್ನು ಊರಿನ ತೆರಿಗೆಗೆ ಮುಂಗಡವಾಗಿ ಜಮಾ ಮಾಡಿಕೊಂಡಿದ್ದಾರೆ.